ಕೆಂಪು ಗೆರೆಯ ಕಾವಲು

ಮೂರೇ ಮೂರು ಇಂಚು ಒಂದು ಮನೆಯ ನೆಮ್ಮದಿ ಕೆಡಿಸಬಲ್ಲದು ಎಂದು ಚಿಕ್ಕರಸಿನಕೆರೆಯ ಶಶಿಧರನಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದ್ದರೂ ಅವನು ನಂಬುತ್ತಿರಲಿಲ್ಲ. ನಂಬುವುದು ಅವನ ಅಭ್ಯಾಸದಲ್ಲೇ ಇರಲಿಲ್ಲ.

ಅವನು ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಗೇಟು ಮೇಲ್ವಿಚಾರಕ. ಶಿಫ್ಟು ಬಿಟ್ಟಾಗ ಮನೆಗೆ ಹೊರಟವರ ಊಟದ ಡಬ್ಬಿ ತೆರೆಸಿ ನೋಡುವುದು, ಸರಕು ತುಂಬಿದ ಲಾರಿಯ ಬಾಗಿಲಿಗೆ ಸೀಲು ಹಾಕುವುದು ಅವನ ಕೆಲಸ. ಹದಿನಾಲ್ಕು ವರ್ಷ ಬೇರೆಯವರ ಡಬ್ಬಿಯಲ್ಲಿ ಇಣುಕಿದವನಿಗೆ ಮನೆಯಲ್ಲಿ ಹೆಂಡತಿ ತಟ್ಟೆಗಿಟ್ಟ ಮುದ್ದೆಯನ್ನೂ ಒಮ್ಮೆ ಮಗುಚಿ ನೋಡಿಯೇ ಮುರಿಯುವ ಚಾಳಿ ಹತ್ತಿತ್ತು.

ಇಂಥವನಿಗೆ ಒಂದು ಹಳೆಯ ಜೀಪಿನ ಮೇಲೆ ಮೋಹ ಹುಟ್ಟಿತು. ಬಾಗಿಲಿಲ್ಲದ, ಮೇಲೆ ಟಾರ್ಪಾಲು ಹೊದಿಸಿದ ಜೀಪು. ತಂದ ಮೂರನೇ ತಿಂಗಳಿಗೆ ಮೈಸೂರಿನಲ್ಲಿ ಯಾರೋ ಅದರ ಸ್ಪ್ರಿಂಗು ಪಟ್ಟಿ ಬದಲಾಯಿಸಿ ಮೂರು ಇಂಚು ಎತ್ತರ ಮಾಡಿಕೊಟ್ಟರು. ನೋಡಲು ಗಂಭೀರವಾಗಿಯೇ ಇತ್ತು. ಆದರೆ ಎತ್ತರ ಮಾಡಿದವರು ಸ್ಟೇರಿಂಗಿನ ಭಾಗಗಳನ್ನು ಹಳೆಯವೇ ಬಿಟ್ಟಿದ್ದರು. ಜೀಪು ಮೇಲೆದ್ದಿತು, ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಸರಳು ಮಾತ್ರ ಗೋಡೆಗೆ ಒರಗಿಸಿದ ಏಣಿಯ ಹಾಗೆ ಓರೆಯಾಯಿತು. ಅಂದಿನಿಂದ ನೆಟ್ಟಗೆ ಹೋಗಬೇಕಾದರೆ ಸ್ಟೇರಿಂಗನ್ನು ಬಲಕ್ಕೆ ಎಳೆದು ಹಿಡಿಯಬೇಕು. ಕೈ ಸಡಿಲಿಸಿದರೆ ಜೀಪು ತಾನಾಗಿ ಎಡಕ್ಕೆ ಸರಿಯುತ್ತಿತ್ತು.

ಹೋದ ಭಾನುವಾರ ಅವನು ಅತ್ತೆ ಅಂಕಮ್ಮನನ್ನು ಅದೇ ಜೀಪಿನಲ್ಲಿ ಕಿರುಗಾವಲಿಗೆ ಬಿಡಲು ಹೊರಟಿದ್ದ. ಮಳವಳ್ಳಿ ದಾಟಿದ ಮೇಲೆ ಒಂದು ಗುಂಡಿ ಬಂತು, ಕೈ ಜಾರಿತು, ಜೀಪು ಎಡಕ್ಕೆ ಹೊರಳಿ ರಸ್ತೆ ಬದಿಯ ಬಾರೊಂದರ ಅಂಗಳಕ್ಕೆ ನುಗ್ಗಿ ನಿಂತಿತು. ಅಷ್ಟಕ್ಕೇ ಮುಗಿದಿದ್ದರೆ ಹೇಗೋ ಸುಧಾರಿಸಬಹುದಿತ್ತು. ಬಾರಿನವನು ಓಡಿಬಂದು, "ದಿನಾ ಕೊಡೋದೇ ಕೊಡ್ಲಾ ಸಾರ್?" ಎಂದು ಕೇಳಿದ. ಅವನು ಬಂದವರನ್ನೆಲ್ಲ ಹಾಗೆಯೇ ಕೇಳುತ್ತಿದ್ದ. ಅಂಕಮ್ಮ ಅದನ್ನು ಒಪ್ಪಲಿಲ್ಲ. ಅಲ್ಲಿಂದಲೇ ಮಗಳು ಅರ್ಪಿತಳಿಗೆ ಫೋನು ಮಾಡಿದಳು.

"ನಿನ್ ಗಂಡನ್ ಮಾತು ಬುಡು. ಅವನ ಜೀಪ್ಗೂ ದಾರಿ ಗೊತ್ತದೆ ಕಣಮ್ಮ."

ಶಶಿಧರ ಮನೆಗೆ ಬರುವಷ್ಟರಲ್ಲಿ ಅರ್ಪಿತ ತೀರ್ಪು ಸಿದ್ಧಪಡಿಸಿದ್ದಳು. "ನೀವು ಕುಡಿದಿಲ್ಲ ಅಂದ್ರಲ್ಲ, ಜೀಪೇ ತಿರುಗ್ತು ಅಂದ್ರಲ್ಲ, ಸರಿ. ಬರೋ ಸುಕ್ರವಾರ ಸಾಯಂಕಾಲ ಐದ್ಗಂಟೆಗೆ ಅದು ನೆಟ್ಟಗೆ ಬಂದು ಈ ಬಾಗ್ಲಲ್ಲಿ ನಿಲ್ಬೇಕು. ನಾನು ಅತ್ತಿ ಕುಂತು ಕಿರುಗಾವಲಿಗೆ ಓಯ್ತೀನಿ, ನಮ್ಮವ್ವನ ಮುಂದೆ ಇಳೀತೀನಿ. ಇಲ್ಲಾಂದ್ರೆ ಜೀಪು ಆ ಹಲಸಿನ ಮರದಡೀಲಿ ನಿಲ್ತದೆ. ನೀವು ಬಸ್ಸಲ್ಲಿ ಓಡಾಡಿ."

ಶಶಿಧರ ಅರ್ಪಿತಳಿಗೆ ಹೆದರುವವನಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಆದರೆ ಆ ಜೀಪಿಲ್ಲದೆ ಬಸ್ಸಿನಲ್ಲಿ ಹೋಗಿ, ತಾನು ದಿನವೂ ಡಬ್ಬಿ ತೆರೆಸುವ ಜನರ ಪಕ್ಕದಲ್ಲೇ ನೇತಾಡುವುದನ್ನು ನೆನೆದರೆ ಅವನಿಗೆ ನಿಜಕ್ಕೂ ಹೆದರಿಕೆಯಾಗುತ್ತಿತ್ತು. ಕೊಯಮತ್ತೂರಿನಿಂದ ಹೊಸ ಭಾಗಗಳನ್ನು ತರಿಸಿದ. ಶುಕ್ರವಾರ ಜ್ವರವೆಂದು ಕಾರ್ಖಾನೆಗೆ ರಜೆ ಹೇಳಿ, ಬೆಳಗ್ಗೆ ಎಂಟಕ್ಕೇ ಪೆಟ್ಟಿಗೆಯನ್ನು ಜೀಪಿಗೆ ಹಾಕುತ್ತಿದ್ದಾಗ ಬೇಲಿಯ ಆಚೆಯಿಂದ ಕರಿಯಯ್ಯ ಬಂದ.

ಕರಿಯಯ್ಯ ಪಕ್ಕದ ಮನೆಯವನು. ಸಕ್ಕರೆ ಕಾರ್ಖಾನೆಯೊಂದರ ಉಗ್ರಾಣ ಕಾದು ನಿವೃತ್ತನಾದವನು. ಕಾಯಲು ಉಗ್ರಾಣವಿಲ್ಲದ ಮೇಲೆ ಇಡೀ ಬೀದಿಯನ್ನು ಕಾಯುತ್ತಿದ್ದ.

"ಎಲ್ಲಿಗ್ಲಾ ಶಶಿ?"

"ಮದ್ದೂರ್ಗೆ. ಮುಕರ್ರಂ ಗ್ಯಾರೇಜಲ್ಲಿ ಸ್ಟೇರಿಂಗ್ ಸಾಮಾನು ಬದ್ಲಾಯಿಸ್ಬೇಕು."

ಕರಿಯಯ್ಯ ಪೆಟ್ಟಿಗೆಯನ್ನು ಎತ್ತಿ ತೂಕ ನೋಡಿದ. "ಒಳ್ಳೆ ಮಾಲು ಕಣ್ಲಾ. ಇಂಥಾದ್ನ ಬುಡ್ತಾರೇನ್ಲಾ? ನಿನ್ ಮುಂದೆ ಇದನ್ನೇ ಆಕ್ತಾರೆ. ನೀನು ಅತ್ಲಾಗೆ ತಿರುಗ್ದೇಟ್ಗೆ ಬಿಚ್ಕಂಡು ಡೂಪ್ಲಿಕೇಟ್ ಕೂರಿಸ್ತಾರೆ."

"ಮುಕರ್ರಂ ಅಂಥವ್ನಲ್ಲ ಅಂತಾರೆ."

"ಯಾರು ಅಂತಾರೆ?"

ಇದು ಶಶಿಧರ ಗೇಟಿನಲ್ಲಿ ನಿಂತು ಬೇರೆಯವರನ್ನು ಕೇಳುವ ಪ್ರಶ್ನೆ. ಅದಕ್ಕೆ ಉತ್ತರವಿರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"ಲಾರಿಗೆ ಸೀಲ್ ಆಕ್ತೀಯಲ್ಲ, ಅಂಗೇ ಇದಕ್ಕೂ ಆಕು" ಎಂದ ಕರಿಯಯ್ಯ. "ನಟ್ಟಿಂದ ಬೋಲ್ಟ್ಗೆ ಅಡ್ಡಕ್ಕೆ ಒಂದು ಗೆರೆ ಎಳ್ದುಬುಡು. ಯಾರಾದ್ರೂ ಬಿಚ್ಚಿದ್ರೆ ಗೆರೆ ಮುರೀತದೆ. ಪೇಂಟ್ ಬ್ಯಾಡ, ಅದು ಅವ್ರತ್ರಾನೂ ಇರ್ತದೆ, ಮತ್ತೆ ಬಳ್ದುಬುಡ್ತಾರೆ. ಅವ್ರತ್ರ ಇಲ್ದೇ ಇರೋದ್ನ ತಕಂಡೋಗು."

ಶಶಿಧರ ಒಳಗೆ ಹೋದ. ಅರ್ಪಿತ ಬಚ್ಚಲಲ್ಲಿದ್ದಳು. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಹೊಸ ನೇಲ್ ಪಾಲಿಶ್ ಸೀಸೆ ಇತ್ತು, ಕುಂಕುಮದಂಥ ಕೆಂಪು. ಜೇಬಿಗಿಳಿಸಿದ. ಜೀಪು ಸ್ಟಾರ್ಟ್ ಮಾಡುವಾಗ ಒಳಗಿನಿಂದ ಅವಳ ಧ್ವನಿ ಕೇಳಿಸಿತು.

"ನನ್ ನೇಲ್ ಪಾಲಿಶ್ ಎಲ್ಲೋಯ್ತು? ನೆನ್ನೆ ಆ ಚಂದನ ಬಂದು ಕನ್ನಡಿ ಮುಂದೆ ನಿಂತಿದ್ಲು, ನೋಡಿದ್ರಾ?"

ಚಂದನ ಕರಿಯಯ್ಯನ ಮೊಮ್ಮಗಳು. ಶಶಿಧರ ಕೇಳಿಸದವನಂತೆ ಗೇರು ಹಾಕಿದ.

ಗ್ಯಾರೇಜು ಮದ್ದೂರಿನಲ್ಲಿ ಮಳವಳ್ಳಿ ರಸ್ತೆಗಿತ್ತು. ಹಿಂದೆ ಮನೆ, ಮುಂದೆ ಶೆಡ್ಡು. ಮುಕರ್ರಂ ಮತ್ತು ಅವನ ತಂದೆ ರಹೀಂ ಇಬ್ಬರೂ ಒಂದೇ ಗಾಡಿಯ ಮೇಲೆ ಕೈ ಹಾಕುತ್ತಿದ್ದರು. ಒಬ್ಬ ಬಿಟ್ಟಲ್ಲಿಂದ ಇನ್ನೊಬ್ಬ ಹಿಡಿಯುತ್ತಿದ್ದ. ಮುಕರ್ರಂ ಜೀಪಿನ ಕೆಳಗೆ ಹೋಗಿ ಬಂದು ಕೈ ಒರೆಸಿಕೊಂಡ.

"ಎತ್ತರ ಮಾಡ್ದಾಗ್ಲೇ ಇದೂ ಆಗ್ಬೇಕಿತ್ತು ಸಾರ್. ಕಾಲು ಉದ್ದ ಮಾಡಿ ಕೈ ಮೋಟಾಗೇ ಬಿಟ್ಟವ್ರೆ. ಈ ಹೊಸ ತೋಳು ಕೆಳಗಿಳೀತದೆ, ಸರಳು ಮಟ್ಟಕ್ಕೆ ಬತ್ತದೆ, ಸ್ಟೇರಿಂಗ್ ತಾನಾಗೇ ನೆಟ್ಟಗಾಯ್ತದೆ. ನೀವು ಬೇಕಾದ್ರೆ ಊರೊಳಗೆ ಹೋಗಿ ಬನ್ನಿ."

ಹೋಗಿ ಬನ್ನಿ ಎಂದದ್ದೇ ಶಶಿಧರನಿಗೆ ಸಾಕಾಯಿತು. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದು ಜೀಪಿನ ಮೂಗಿಗೆ ತಾಗುವಂತೆ ಹಾಕಿಕೊಂಡು ಕೂತ. ಮನೆಯಿಂದ ತಂದ ಗೋಣಿಚೀಲ ಬಿಚ್ಚಿ, "ಹಳೇದು ಬಿಚ್ಚಿದ್ದೆಲ್ಲ ಇದರೊಳಗೆ ಬರ್ಬೇಕು, ಒಂದು ನಟ್ಟು ಸಮೇತ" ಎಂದ. ಮುಕರ್ರಂ ತಲೆಯಾಡಿಸಿದ. ಬಿಚ್ಚಿದ ಒಂದೊಂದನ್ನೂ ಶಶಿಧರ ತಿರುಗಿಸಿ ನೋಡಿ ಚೀಲಕ್ಕೆ ಹಾಕಿ, ಚೀಲದ ಬಾಯಿಯ ಮೇಲೆ ಕಾಲಿಟ್ಟುಕೊಂಡ.

ಹತ್ತೂವರೆಗೆ ಚಹಾ ಬಂತು. ಚಹಾ ಕುಡಿದರೆ ಸ್ವಲ್ಪ ಹೊತ್ತಿಗೆ ಎದ್ದು ಹೋಗಬೇಕಾಗುತ್ತದೆ, ಎದ್ದು ಹೋದರೆ ಅಷ್ಟರಲ್ಲಿ ಭಾಗ ಬದಲಾಗುತ್ತದೆ, ಚಹಾ ತರಿಸಿದ್ದೇ ಅದಕ್ಕೆ. ಬೇಡ ಎಂದ. ನೀರೂ ಬೇಡ ಎಂದ. ಏಪ್ರಿಲ್ ತಿಂಗಳ ಮದ್ದೂರಿನ ತಗಡಿನ ಶೆಡ್ಡಿನಲ್ಲಿ ಹಾಗೆ ಕೂರುವುದು ಸುಲಭದ ಕೆಲಸವಲ್ಲ. ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಅರ್ಧ ಗಂಟೆಗೊಮ್ಮೆ ಕರಿಯಯ್ಯ ಫೋನು ಮಾಡಿ, "ಕುಂತಿದೀಯೇನ್ಲಾ?" ಎಂದು ಕೇಳುತ್ತಿದ್ದ. ಶಶಿಧರ, "ಕುಂತಿದೀನಿ" ಎನ್ನುತ್ತಿದ್ದ.

ಕೂತಲ್ಲಿಂದಲೇ ಅವನು ಒಂದು ವಿಷಯ ಪತ್ತೆಹಚ್ಚಿದ. ಮೂಲೆಯಲ್ಲಿ ರಹೀಂ ಒಂದು ಟ್ರ್ಯಾಕ್ಟರಿನ ಚಕ್ರಕ್ಕೆ ನಟ್ಟು ಬಿಗಿಯುತ್ತಿದ್ದ. ಪಕ್ಕದಲ್ಲಿ ಕೆಂಪು ಬಣ್ಣದ ಸಣ್ಣ ಡಬ್ಬಿ. ಒಂದೊಂದು ನಟ್ಟಾದ ಮೇಲೂ ಮುದುಕ ಕುಂಚ ಅದ್ದಿ ಅದರ ಮೇಲೊಂದು ಗೆರೆ ಎಳೆಯುತ್ತಿದ್ದ. ಯಾಕೆ ಎಂದು ಕೇಳಿದ್ದರೆ ಅವನೇ ಹೇಳುತ್ತಿದ್ದ. ಶಶಿಧರ ಕೇಳಲಿಲ್ಲ. ಯಾವುದನ್ನು ಆಮೇಲೆ ಬಿಚ್ಚಿಕೊಳ್ಳಬೇಕೋ ಅದಕ್ಕೆ ಗುರುತು ಹಾಕಿಕೊಳ್ಳುತ್ತಿದ್ದಾರೆ ಎಂದು ಮನಸ್ಸಿನಲ್ಲೇ ಬರೆದುಕೊಂಡ. ಮೋಸಗಾರರು ಎಷ್ಟು ರಾಜಾರೋಷವಾಗಿ ಕೆಲಸ ಮಾಡುತ್ತಾರೆಂದು ಅವನಿಗೆ ಬೇಸರವೇ ಆಯಿತು.

ಹನ್ನೆರಡೂ ಮುಕ್ಕಾಲಿಗೆ ಮುಕರ್ರಂ ಹೊಸ ಭಾಗಗಳನ್ನು ಜೋಡಿಸಿ, ಐದೂ ನಟ್ಟುಗಳನ್ನು ಬೆರಳಲ್ಲೇ ಗಿರ್ರನೆ ತಿರುಗಿಸಿ ಕೂರಿಸಿ ಎದ್ದ. "ಇವತ್ತು ಜುಮ್ಮಾ ಸಾರ್. ನಮಾಜು ಮುಗಿಸ್ಕೊಂಡು ಬಂದು ಮಿಕ್ಕಿದ್ದು ನೋಡ್ತೀವಿ" ಎಂದು ತಂದೆಯನ್ನು ಕರೆದುಕೊಂಡು ಹೊರಟ. ಶೆಡ್ಡಿನಲ್ಲಿ ಶಶಿಧರ ಒಬ್ಬನೇ ಉಳಿದ. ಫೋನು ಬಂತು.

"ಯಾರೂ ಇಲ್ವೇನ್ಲಾ? ಇದೇ ಟೈಮು. ನುಗ್ಗು" ಎಂದ ಕರಿಯಯ್ಯ.

ಶಶಿಧರ ಸೀಸೆ ಹಿಡಿದು ಜೀಪಿನ ಕೆಳಗೆ ತೆವಳಿದ. ಬೆನ್ನಿಗೆ ಜಲ್ಲಿ ಒತ್ತಿತು, ಹಣೆಗೆ ಗ್ರೀಸು ಮೆತ್ತಿತು. ಮೂರು ಇಂಚು ಎತ್ತರಿಸಿದ್ದರ ನಿಜವಾದ ಪ್ರಯೋಜನ ಅವನಿಗೆ ಅಂದೇ ಸಿಕ್ಕಿದ್ದು. ಒಂದೊಂದು ನಟ್ಟಿಗೂ ಉಸಿರು ಬಿಗಿಹಿಡಿದು ಅಡ್ಡಕ್ಕೆ ಒಂದೊಂದು ಕೆಂಪು ಗೆರೆ ಎಳೆದ. ಐದನೆಯದನ್ನು ಎಳೆಯುತ್ತಿದ್ದಾಗ ಪಕ್ಕದಲ್ಲಿ ಚಪ್ಪಲಿ ಸದ್ದಾಯಿತು.

"ಮುಕರ್ರಂ, ಜುಮ್ಮಾ ಬಿಟ್ಟು ಇಲ್ಲಿ ಮಲ್ಗಿದೀಯಲ್ಲೋ."

ಅದು ಮುಕರ್ರಂನ ತಾಯಿ ಶರೀಫುನ್ನೀಸಾ. ಶಶಿಧರ ಗ್ರೀಸಿಗೆಂದು ಕಾರ್ಖಾನೆಯ ನೀಲಿ ಪ್ಯಾಂಟು ಹಾಕಿಕೊಂಡು ಬಂದಿದ್ದ. ಮುಕರ್ರಂನದೂ ನೀಲಿ ಪ್ಯಾಂಟೇ. ಆಕೆಗೆ ಕಂಡದ್ದು ಮಂಡಿಯಿಂದ ಕೆಳಗಿನ ಎರಡು ಕಾಲು ಮಾತ್ರ. ಶಶಿಧರ ಕೆಳಗಿನಿಂದಲೇ, "ಹ್ಞೂಂ" ಎಂದ.

"ಕೆಲ್ಸ ಎಲ್ಲೂ ಓಡಿಹೋಗ್ತಿರ್ಲಿಲ್ಲ. ನಿಮ್ಮಬ್ಬಾ ಬರ್ಲಿ, ಹೇಳ್ತೀನಿ. ಆ ಗಿರಾಕಿ ಎಲ್ಲೋದ್ರು? ಬೆಳಗ್ಗಿಂದ ಒಂದು ಲೋಟ ನೀರೂ ಕುಡಿದಿಲ್ಲ ಪಾಪ. ಅವ್ರಿಗೆ ಪಲಾವ್ ತಂದಿದೀನಿ, ಕುರ್ಚಿ ಮೇಲಿಟ್ಟಿದೀನಿ. ಬಂದ್ರೆ ಹೇಳು."

ಚಪ್ಪಲಿ ಸದ್ದು ಒಳಗೆ ಹೋಯಿತು. ಶಶಿಧರ ಹೊರಗೆ ತೆವಳಿ ಬಂದು ಕುರ್ಚಿಯ ಮುಂದೆ ನಿಂತ. ಬಿಸಿ ಪಲಾವು, ಮೇಲೊಂದು ತಟ್ಟೆ ಮುಚ್ಚಿತ್ತು, ಪಕ್ಕದಲ್ಲಿ ಒಂದು ಚೊಂಬು ನೀರು. ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಚಮಚದಿಂದ ಪಲಾವನ್ನು ಒಮ್ಮೆ ಬುಡಮೇಲು ಮಾಡಿ ನೋಡಿಯೇ ತಿಂದ.

ಎರಡು ಗಂಟೆಗೆ ರಹೀಂ ಒಬ್ಬನೇ ಬಂದ. ಗೆಜ್ಜಲಗೆರೆಯ ಬಳಿ ಕಾರ್ಖಾನೆಯ ಬಸ್ಸೊಂದು ಕೆಟ್ಟು ನಿಂತಿದೆಯೆಂದು ಫೋನು ಬಂದು, ಮುಕರ್ರಂ ಮಸೀದಿಯಿಂದ ನೇರ ಅಲ್ಲಿಗೆ ಹೋಗಿ, ತಂದೆಗೆ ಫೋನಿನಲ್ಲಷ್ಟೇ ತಿಳಿಸಿದ್ದ. ಶರೀಫುನ್ನೀಸಾ ಬಾಗಿಲಿಗೆ ಬಂದು ಗಂಡನಿಗೆ ಮಗನ ದೂರು ಹೇಳಿದಳು. ನಮಾಜಿನ ಹೊತ್ತಿನಲ್ಲಿ ಜೀಪಿನ ಕೆಳಗೆ ಇದ್ದ, ಕಣ್ಣಾರೆ ಕಂಡೆ ಎಂದಳು. ರಹೀಂ, ಅವನು ಹಿಂದಿನ ಸಾಲಿನಲ್ಲಿದ್ದನೆಂದು ತಿಳಿದಿದ್ದೆನಲ್ಲ ಎಂದು ಪೇಚಾಡಿಕೊಂಡ. ಆಮೇಲೆ ಟ್ರ್ಯಾಕ್ಟರಿನ ಕೆಲಸ ಮುಗಿಸಿ, ಮೂರೂವರೆಗೆ ಬಗ್ಗಿ ಟಾರ್ಚು ಬಿಟ್ಟು ಜೀಪಿನ ಕೆಳಗೆ ನೋಡಿದ. ಐದು ಕೆಂಪು ಗೆರೆ ಕಂಡವು.

"ಮುಗಿಸೇ ಹೋಗವ್ನೆ" ಎಂದು ನಿಟ್ಟುಸಿರಿಟ್ಟು ಜಾಕಿ ಇಳಿಸಿದ.

ಕಾಲು ಯಾರದೆಂದು ಹೇಳಲು ಶಶಿಧರನಿಗೆ ಆಗ ಒಂದು ಅವಕಾಶವಿತ್ತು. ಹೇಳಿದರೆ ಅಲ್ಲಿ ಏನು ಮಾಡುತ್ತಿದ್ದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಅವನು ಮೇಲಿನ ತಗಡನ್ನು ನೋಡುತ್ತಾ ನಿಂತ.

"ಒಂದು ರೌಂಡ್ ಓಡಿಸಿ ನೋಡಿ ಕೊಡ್ತೀನಿ ಸಾರ್" ಎಂದು ರಹೀಂ ಬೀಗದ ಕೈಗೆ ಕೈ ಚಾಚಿದ.

"ಬೇಡ. ಟ್ರಯಲ್ ನಾನೇ ನೋಡ್ಕೋತೀನಿ." ರೌಂಡಿಗೆಂದು ಹೋದ ಗಾಡಿ ಯಾವ ಸಂದಿಯಲ್ಲಿ ನಿಂತು ಏನೇನು ಕಳಚಿಕೊಂಡು ಬರುತ್ತದೋ ಯಾರಿಗೆ ಗೊತ್ತು.

ಹೊರಡುವ ಮುನ್ನ ಅವನು ಬಿದ್ದ ಪೆನ್ನು ಹುಡುಕುವವನಂತೆ ಬಗ್ಗಿ, ಮೊಬೈಲ್ ಬೆಳಕಿನಲ್ಲಿ ಐದೂ ಗೆರೆ ನೋಡಿದ. ಒಂದೂ ಮುರಿದಿರಲಿಲ್ಲ. ತಾನು ಎಳೆದ ಮೇಲೆ ಯಾರೂ ಮುಟ್ಟಿಲ್ಲ. ಅವನ ಮನಸ್ಸು ತುಂಬಿ ಬಂತು. ಲೋಕದಲ್ಲಿ ಒಳ್ಳೆಯವರೂ ಇದ್ದಾರೆ ಎಂದು ಕರಿಯಯ್ಯನಿಗೆ ಫೋನು ಮಾಡಿ ಹೇಳಿದ. ಕರಿಯಯ್ಯ, "ಸೀಲ್ ಇತ್ತಲ್ಲ, ಅದ್ಕೆ" ಎಂದ.

ಜೀಪು ದಾರ ಹಿಡಿದಂತೆ ನೆಟ್ಟಗೆ ಓಡಿತು. ಸ್ಟೇರಿಂಗು ನಡುವಿಗೆ ಬಂದಿತ್ತು. ಶಶಿಧರ ಒಂದು ಕೈ ಬಿಟ್ಟ, ಆಮೇಲೆ ಒಂದೇ ಬೆರಳಲ್ಲಿ ಹಿಡಿದ. ಅರ್ಧ ದಾರಿಯಲ್ಲಿ ಕೆಳಗಿನಿಂದ ಟಕ್ ಟಕ್ ಎಂದು ಶಬ್ದ ಬರತೊಡಗಿತು. ಹಿಂದೆ ಗೋಣಿಚೀಲದಲ್ಲಿ ಹಳೆಯ ಭಾಗಗಳು ಕುಣಿಯುತ್ತಿವೆ ಎಂದುಕೊಂಡ. ದಿನವಿಡೀ ಎಲ್ಲವನ್ನೂ ಅನುಮಾನಿಸಿದವನು ಆ ಶಬ್ದವನ್ನು ಮಾತ್ರ ಅನುಮಾನಿಸಲಿಲ್ಲ. ನಾಲ್ಕೂವರೆಗೆ ಅರ್ಪಿತಳಿಗೆ ಫೋನು ಮಾಡಿ, "ಬಾಗ್ಲಿಗೆ ಬಂದು ನಿಂತ್ಕೊ" ಎಂದ.

ಅರ್ಪಿತ ಆಗಲೇ ಹೊರಗೆ ನಿಂತಿದ್ದಳು. ಇಡೀ ಬೀದಿಯೇ ಹೊರಗಿತ್ತು. ನೇಲ್ ಪಾಲಿಶ್ ಜಗಳ ಬೆಳಗ್ಗಿನಿಂದ ಬೆಳೆದು ಆ ಹೊತ್ತಿಗೆ ಕರಿಯಯ್ಯನ ಮನೆಯ ಮುಂದೆ ಬಂದು ನಿಂತಿತ್ತು. ಚಂದನ ಅಳುತ್ತಿದ್ದಳು. "ನಮ್ ಮನೇಲಿ ಕಳ್ರಿಲ್ಲ" ಎಂದು ಕರಿಯಯ್ಯ ಜಗುಲಿಯ ಮೇಲಿಂದ ಹೇಳುತ್ತಿದ್ದ. "ಕನ್ನಡಿ ಮುಂದೆ ನಿಂತಿದ್ದು ಇವ್ಳೊಬ್ಳೇ" ಎಂದು ಅರ್ಪಿತ ಹೇಳುತ್ತಿದ್ದಳು. ಜೀಪಿನ ಸದ್ದು ಕೇಳಿ ಎಲ್ಲರೂ ತಿರುಗಿದರು.

ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿದರೆ ಶಶಿಧರನ ಮನೆ. ನೇರ ಹೋದರೆ ಕರಿಯಯ್ಯನ ತಿಪ್ಪೆ. ಶಶಿಧರ ಹಾರ್ನ್ ಒತ್ತಿ, ಒಂದು ಕೈಯಲ್ಲಿ ಗತ್ತಿನಿಂದ ಎಡಕ್ಕೆ ತಿರುಗಿಸಿದ. ಸ್ಟೇರಿಂಗು ತಿರುಗಿತು. ಜೀಪು ತಿರುಗಲಿಲ್ಲ.

ಅದು ಯಾರ ಮುಲಾಜೂ ಇಲ್ಲದೆ ನೇರ ಹೋಗಿ, ಎರಡು ವರ್ಷದಿಂದ ಕೂಡಿಟ್ಟ ಗೊಬ್ಬರದೊಳಗೆ ಬಾನೆಟ್ಟಿನವರೆಗೂ ಮುಳುಗಿ ನಿಂತಿತು. ಶಶಿಧರನಿಗೆ ಪೆಟ್ಟೇನೂ ಆಗಲಿಲ್ಲ. ಇಳಿಯುವಾಗ ಅವನ ಮಂಡಿಯವರೆಗೂ ಸಗಣಿಯಾಗಿತ್ತು.

"ಈ ಸಲ ಬಾರ್ಗಾದ್ರೂ ಹೋಗ್ಲಿಲ್ಲ" ಎಂದಳು ಅರ್ಪಿತ.

ಶಶಿಧರ ಎಲ್ಲರೆದುರಿಗೇ ಮುಕರ್ರಂಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದ. ಮುಕ್ಕಾಲು ಗಂಟೆಯಲ್ಲಿ ತಂದೆ ಮಗ ಇಬ್ಬರೂ ಬೈಕಿನಲ್ಲಿ ಬಂದಿಳಿದರು. ಅಷ್ಟರಲ್ಲಿ ಜನ ಎರಡರಷ್ಟಾಗಿದ್ದರು. ಮುಕರ್ರಂ ಗೊಬ್ಬರ ಸರಿಸಿ ಕೆಳಗೆ ತೂರಿದ.

"ಒಂದು ನಟ್ಟು ಬಿದ್ದೋಗದೆ. ಸರಳು ಕಳಚ್ಕೊಂಡದೆ" ಎಂದ ಒಳಗಿನಿಂದ. "ಮಿಕ್ಕ ನಾಲ್ಕೂ ಸಡಿಲ."

"ಕೇಳ್ಸ್ಕೊಂಡ್ರಾ ಎಲ್ಲಾರೂ?" ಎಂದ ಶಶಿಧರ. "ಬಿಗೀನೇ ಮಾಡಿಲ್ಲ ಇವ್ರು. ನನ್ನತ್ರ ಸಾಕ್ಷಿ ಅದೆ. ಮಧ್ಯಾನ್ನ ಒಂದ್ಗಂಟೇಲಿ ನಾನೇ ಕೆಳಗೆ ಹೋಗಿ ಐದು ನಟ್ಗೂ ಸೀಲ್ ಹಾಕಿದೀನಿ, ಕೆಂಪು ಗೆರೆ. ನೋಡಿ ಬೇಕಾದ್ರೆ. ಅಲ್ಲಿಂದ ಹೊರಡುವಾಗ ಒಂದು ಗೆರೇನೂ ಮುರಿದಿರ್ಲಿಲ್ಲ. ಅಂದ್ರೆ ಆಮೇಲೆ ಇವ್ರು ಮುಟ್ಟೇ ಇಲ್ಲ."

ಕರಿಯಯ್ಯ ಜಗುಲಿಯಿಂದ ತಲೆದೂಗಿದ. ಮುಕರ್ರಂ ನಿಧಾನವಾಗಿ ಹೊರಗೆ ಬಂದ.

"ಗೆರೆ ಎಳ್ದಿದ್ದು ನೀವಾ ಸಾರ್?"

"ನಾನೇ."

"ನಾವು ಇಬ್ರು ಒಂದೇ ಗಾಡಿ ಮಾಡ್ತೀವಿ ಸಾರ್. ಸ್ಪ್ಯಾನರ್ ಹಾಕಿ ಬಿಗಿದ ನಟ್ಗೆ ಕೆಂಪು ಗೆರೆ ಎಳೀತೀವಿ. ಗೆರೆ ಬಿದ್ರೆ ಬಿಗಿ ಆಯ್ತು ಅಂತ ಅರ್ಥ. ಇನ್ನೊಬ್ರು ಅದನ್ನ ಮುಟ್ಟಂಗಿಲ್ಲ. ನಾನು ಬೆರಳಲ್ಲಿ ಕೂರಿಸಿ ನಮಾಜ್ಗೆ ಹೋದೆ, ಬಂದು ಬಿಗಿಯಾಣ ಅಂತ. ನಮ್ಮಬ್ಬಾ ಬಂದು ನೋಡಿದ್ರೆ ಗೆರೆ ಅದೆ."

ರಹೀಂ ಆಗ ಮಗನ ಕಡೆ ತಿರುಗಿದ. "ಹಂಗಾದ್ರೆ ಜುಮ್ಮಾ ಹೊತ್ನಲ್ಲಿ ಜೀಪಿನ ಕೆಳಗಿದ್ದ ಕಾಲು ನಿಂದಲ್ವಾ?"

ಎಲ್ಲರೂ ಶಶಿಧರನ ನೀಲಿ ಪ್ಯಾಂಟನ್ನು ನೋಡಿದರು. ರಹೀಂ ಮಗನ ಭುಜದ ಮೇಲೆ ಕೈಯಿಟ್ಟ. ಮುದುಕನ ಮುಖದಲ್ಲಿ ಮಧ್ಯಾಹ್ನದಿಂದ ಇದ್ದ ನೋವು ಇಳಿದುಹೋಯಿತು, ಅಷ್ಟು ಮಟ್ಟಿಗೆ ಆ ದಿನ ಒಬ್ಬರಿಗಾದರೂ ಒಳ್ಳೆಯದಾಯಿತು.

ಅರ್ಪಿತ ಸೀರೆ ಎತ್ತಿ ಸಿಕ್ಕಿಸಿಕೊಂಡು ಮುಂದೆ ಬಂದಳು. ಮುಕರ್ರಂನ ಟಾರ್ಚು ಇಸಿದುಕೊಂಡು ಬಗ್ಗಿ ನೋಡಿದಳು. ಕೆಂಪು ಗೆರೆ ಮಿನುಗಿತು. ಎದ್ದು ಗಂಡನ ಮುಂದೆ ಅಂಗೈ ಚಾಚಿದಳು. ಶಶಿಧರ ಜೇಬಿನಿಂದ ಸೀಸೆ ತೆಗೆದು ಕೊಟ್ಟ. ಅವಳು ಅದನ್ನು ಚಂದನಳಿಗೆ ತೋರಿಸಿ, "ತಪ್ಪಾಯ್ತು ಕಣವ್ವ" ಎಂದಳು. ಆಮೇಲೆ ಕರಿಯಯ್ಯನನ್ನು ನೋಡಿದಳು. ಕರಿಯಯ್ಯನಿಗೆ ಒಳಗೆ ಏನೋ ಕೆಲಸ ನೆನಪಾಯಿತು.

ಬಿದ್ದುಹೋದ ನಟ್ಟಿನ ಬದಲಿಗೆ ಗೋಣಿಚೀಲದಲ್ಲಿದ್ದ ಹಳೆಯ ನಟ್ಟೇ ಸರಿಯಾಗಿ ಕೂತಿತು. ಮುಕರ್ರಂ ಐದನ್ನೂ ಸ್ಪ್ಯಾನರ್ ಹಾಕಿ ಬಿಗಿದು, ರಹೀಂ ಕೈಯಿಂದ ಪರೀಕ್ಷೆ ಮಾಡಿಸಿ, ಜೀಪನ್ನು ತಿಪ್ಪೆಯಿಂದ ಹೊರತೆಗೆದ. ಬೀದಿಯಲ್ಲಿ ಮೇಲಕ್ಕೂ ಕೆಳಕ್ಕೂ ಎರಡು ಸಲ ಓಡಿಸಿ ತೋರಿಸಿದ. ಕೈ ಬಿಟ್ಟರೂ ಜೀಪು ಅತ್ತಿತ್ತ ಸರಿಯಲಿಲ್ಲ. ಮನೆಯ ಬಾಗಿಲಲ್ಲಿ ನೆಟ್ಟಗೆ ನಿಲ್ಲಿಸಿ ಬೀಗದ ಕೈ ಕೊಟ್ಟ. ಶಶಿಧರ ಅವನ ಕೈ ಹಿಡಿದುಕೊಂಡು ಕ್ಷಮೆ ಕೇಳಿದ. ಅದನ್ನು ಅವನು ನಿಜವಾಗಿಯೇ ಕೇಳಿದ.

"ಬುಡಿ ಸಾರ್. ಇನ್ನೊಂದ್ಸಲ ಬಂದಾಗ ಚಾ ಕುಡೀರಿ" ಎಂದು ಹೇಳಿ ಮುಕರ್ರಂ ತಂದೆಯನ್ನು ಕೂರಿಸಿಕೊಂಡು ಹೊರಟ.

"ನೋಡಿದ್ಯಲ್ಲ, ಎಷ್ಟು ನೆಟ್ಟಗದೆ" ಎಂದ ಶಶಿಧರ ಹೆಂಡತಿಗೆ. "ಹೊರಡಾಣ್ವಾ ಕಿರುಗಾವಲಿಗೆ?"

"ಜೀಪು ರಿಪೇರಿ ಆಯ್ತು. ನೀವು ಆಗ್ಲಿಲ್ಲ" ಎಂದಳು ಅರ್ಪಿತ. ಅವನ ಕೈಯಿಂದಲೇ ಜೀಪನ್ನು ಹಲಸಿನ ಮರದಡಿಗೆ ತರಿಸಿ ನಿಲ್ಲಿಸಿದಳು. ಆಮೇಲೆ ಬಾಗಿಲಿಲ್ಲದ ಜೀಪಿನೊಳಗೆ ಬಗ್ಗಿ, ಸೀಸೆಯ ಮುಚ್ಚಳ ತಿರುಗಿಸಿ, ಸ್ಟೇರಿಂಗಿನಿಂದ ಅದರ ಕಂಬಕ್ಕೆ ಅಡ್ಡಲಾಗಿ ತೆಳ್ಳಗೆ ಒಂದು ಕೆಂಪು ಗೆರೆ ಎಳೆದಳು. ಬಾಯಿಂದ ಊದಿ ಒಣಗಿಸಿದಳು.

"ಮುಂದಿನ ತಿಂಗ್ಳು ನಮ್ಮವ್ವ ಬತ್ತಾಳೆ. ಬಂದು ಒಪ್ಪೋಗಂಟ ಇದು ಇಂಗೇ ಇರ್ಬೇಕು. ಗೆರೆ ಮುರಿದಿದ್ರೆ ಯಾರು ಮುರಿದ್ರು ಅಂತ ನಾನು ಕೇಳಾಕಿಲ್ಲ. ನೀವೇ ಅಂತ ತಿಳ್ಕೊತೀನಿ."

ಶನಿವಾರ ಬೆಳಗ್ಗೆ ಬೇಸಿಗೆ ರಜೆಯಲ್ಲಿದ್ದ ಬೀದಿಯ ಮಕ್ಕಳು ಹಲಸಿನ ಮರದ ಸುತ್ತ ಸೇರಿದರು. ಬಾಗಿಲಿಲ್ಲದ ಜೀಪು, ತಿರುಗಿಸಲು ಒಂದು ಸ್ಟೇರಿಂಗು. ಕರಿಯಯ್ಯನ ಕೋಳಿ ಆಗಲೇ ಒಮ್ಮೆ ಅದರ ಮೇಲೆ ಹಾರಿ ಕೂತಿತ್ತು. ಕರಿಯಯ್ಯ ಬೇಲಿಯ ಆಚೆಯಿಂದ ಇಣುಕಿ, "ಉಷಾರು ಕಣ್ಲಾ, ಯಾರನ್ನೂ ನಂಬ್ಬೇಡ" ಎಂದ.

ಶಶಿಧರ ಕಾರ್ಖಾನೆಗೆ ಫೋನು ಮಾಡಿ ಜ್ವರ ಇನ್ನೂ ಬಿಟ್ಟಿಲ್ಲವೆಂದು ಹೇಳಿದ. ಆಮೇಲೆ ಜೀಪು ಹತ್ತಿ ಕೂತು, ನೆಟ್ಟಗೆ ನಿಂತ ಆ ಸ್ಟೇರಿಂಗನ್ನು ಕೂದಲೆಳೆಯಷ್ಟೂ ಅಲ್ಲಾಡದಂತೆ ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಂಡ. ಅರ್ಪಿತ ಹತ್ತೂವರೆಗೆ ಚಹಾ ತಂದಳು. ಅವನು ಬೇಡ ಎಂದ.